ಓದಿದ್ದು ಸಾಕು, ಪೆನ್ನು ಹಿಡಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಐಎಎಸ್, ಕೆಎಎಸ್ ಪರೀಕ್ಷೆಯ ಲಿಖಿತ ಹಂತಕ್ಕೆ, ಅಂದರೆ ಮೇನ್ಸ್‌ಗೆ, ಹೇಗೆ ತಯಾರಾಗಬೇಕು ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಕಲಬುರಗಿಯಲ್ಲಿ ಕೂತು 16 ವರ್ಷದಿಂದ ಹುಡುಗ ಹುಡುಗಿಯರ ಉತ್ತರ ತಿದ್ದುವುದೇ ನನ್ನ ಕೆಲಸ. ಹಾಗಾಗಿ ಸುತ್ತಿ ಬಳಸಿ ಮಾತಾಡುವುದಿಲ್ಲ. ಹೇಳಬೇಕಾದ್ದು ಒಂದೇ ಮಾತು. ಬರೆಯಿರಿ. ದಿನಾ ಬರೆಯಿರಿ, ಗಡಿಯಾರ ಎದುರಿಗಿಟ್ಟುಕೊಂಡು ಬರೆಯಿರಿ.

ಈಗ ರೇಡಿಯೋ ಹಚ್ಚಿಕೊಂಡು ಕೂತವರು ಯಾರು ಅಂತ ನನಗೆ ಅಂದಾಜಿದೆ. ಮೂವರು ಸೇರಿ ಒಂದು ಬಾಡಿಗೆ ಕೋಣೆ ಹಿಡಿದು, ಊರಿನ ಬಸ್ಸಿನಲ್ಲಿ ಅವ್ವ ಕಳಿಸಿದ ರೊಟ್ಟಿ ಬುತ್ತಿ ಇಳಿಸಿಕೊಳ್ಳಲು ದಿನಾ ಬಸ್‌ ಸ್ಟ್ಯಾಂಡಿಗೆ ಓಡುವ ಹುಡುಗರು. ಬೀದರಿನಲ್ಲೋ ಹುಮನಾಬಾದಿನಲ್ಲೋ ಹಗಲೆಲ್ಲ ಶಾಲೆಯಲ್ಲಿ ಪಾಠ ಮಾಡಿ, ರಾತ್ರಿ ಮನೆಯವರ ಊಟ ಮುಗಿದು ಪಾತ್ರೆ ತೊಳೆದ ಮೇಲೆ ಪುಸ್ತಕ ತೆಗೆಯುವ ಹೆಣ್ಣುಮಕ್ಕಳು. ಯಾದಗಿರಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಗ್ರಂಥಾಲಯದ ಮೆಟ್ಟಿಲ ಮೇಲೆ ಬ್ಯಾಗು ಇಟ್ಟು ಜಾಗ ಹಿಡಿಯುವವರು. ನೀವು ಕಡಿಮೆ ಓದುತ್ತೀರಿ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬೇಕಾದ್ದಕ್ಕಿಂತ ಜಾಸ್ತಿಯೇ ಓದುತ್ತೀರಿ. ಆದರೆ ಬರೆಯುವುದಿಲ್ಲ.

ಐಎಎಸ್ ಪರೀಕ್ಷೆ ನಡೆಸುವ ಯುಪಿಎಸ್‌ಸಿಯ ಲೆಕ್ಕವನ್ನೇ ನೋಡಿ. ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆ, ಪ್ರತಿಯೊಂದಕ್ಕೂ 250 ಅಂಕ, ಮೂರು ತಾಸು. ಮೊದಲ ಮೂರು ಪತ್ರಿಕೆಗಳಲ್ಲಿ 20 ಪ್ರಶ್ನೆ ಇರುತ್ತವೆ. 10 ಅಂಕದವು ಹತ್ತು, ಅದಕ್ಕೆ 150 ಪದ. 15 ಅಂಕದವು ಹತ್ತು, ಅದಕ್ಕೆ 250 ಪದ. ಕೂಡಿಸಿದರೆ 4,000 ಪದ ಆಯಿತು. 180 ನಿಮಿಷವನ್ನು 250 ಅಂಕಕ್ಕೆ ಹಂಚಿದರೆ 10 ಅಂಕದ ಪ್ರಶ್ನೆಗೆ ಸುಮಾರು 7 ನಿಮಿಷ, 15 ಅಂಕದ್ದಕ್ಕೆ ಸುಮಾರು 11 ನಿಮಿಷ ಸಿಗುತ್ತದೆ. ಪ್ರಶ್ನೆ ಓದುವುದು, ಯೋಚಿಸುವುದು, ಬರೆಯುವುದು ಎಲ್ಲ ಆ 7 ನಿಮಿಷದಲ್ಲೇ ಮುಗಿಯಬೇಕು. ಬೆಳಿಗ್ಗೆ ಒಂದು ಪತ್ರಿಕೆ ಮುಗಿಸಿ, ಬೆರಳು ಹಿಡಿದುಕೊಂಡಿರುವಾಗಲೇ ಮಧ್ಯಾಹ್ನ ಇನ್ನೊಂದಕ್ಕೆ ಕೂರಬೇಕು. ಈಗ ಹೇಳಿ, ಹೋದ ವಾರ ನೀವು ಕೈಯಿಂದ ಎಷ್ಟು ಪುಟ ಬರೆದಿರಿ? ನೋಟ್ಸ್ ಇಳಿಸಿಕೊಂಡಿದ್ದು ಲೆಕ್ಕಕ್ಕಿಲ್ಲ. ಪುಸ್ತಕ ಮುಚ್ಚಿ ಬರೆದದ್ದೆಷ್ಟು?

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಬೇಡ. ಚಿತ್ತಾಪುರ ತಾಲ್ಲೂಕಿನ ಕಡೆಯವನು. ಎರಡನೇ ಸಲಕ್ಕೆ ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪರೀಕ್ಷೆ, ಪಾಸಾಗಿದ್ದ. ನನ್ನ ಹತ್ತಿರ ಬಂದಾಗ ಕೈಯಲ್ಲಿ ಒಂದು ಚೀಲದ ತುಂಬಾ ನೋಟ್ಸ್ ಇತ್ತು. "ಎಲ್ಲಾ ಓದೀನ್ರಿ ಮೇಡಂ, ಒಂದೂ ಬಿಟ್ಟಿಲ್ಲ" ಅಂದ. ಸುಳ್ಳಲ್ಲ, ಯಾವ ವಿಷಯ ಕೇಳಿದರೂ ಹೇಳುತ್ತಿದ್ದ. ಸರಿ, ಕೂತು ಬರಿ ಅಂತ ಮೂರನೇ ಪತ್ರಿಕೆಯ ಮಾದರಿಯ 20 ಪ್ರಶ್ನೆ ಕೊಟ್ಟೆ. ಮೂರು ತಾಸು ತಲೆ ಎತ್ತದೆ ಬರೆದ. ಮುಗಿದಾಗ ನೋಡಿದರೆ 12 ಪ್ರಶ್ನೆಗೆ ಮಾತ್ರ ಉತ್ತರ ಇತ್ತು. ಮೊದಲನೆಯದಕ್ಕೇ 22 ನಿಮಿಷ ತೆಗೆದುಕೊಂಡಿದ್ದ. ಮೊದಲ ಪುಟದಲ್ಲಿ ಅಕ್ಷರ ದುಂಡಗೆ ಕೂತಿದ್ದವು, ಹತ್ತನೇ ಪುಟಕ್ಕೆ ಬರುವ ಹೊತ್ತಿಗೆ ಒತ್ತಕ್ಷರಗಳೆಲ್ಲ ಕೆಳಗಿನ ಗೆರೆಗೆ ಜಾರಿದ್ದವು. "ಮೇಡಂ, ಎಲ್ಲಾ ಬರ್ತದ್ರಿ, ಆದ್ರ ಕೈನೇ ಓಡಲ್ದು" ಅಂತ ಬೆರಳು ಮಡಚಿ ಬಿಚ್ಚಿ ಮಾಡುತ್ತಾ ನಿಂತ.

ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು. ಬೇಳೆಕಾಳಿನಲ್ಲಿ ನಮ್ಮ ದೇಶ ಸ್ವಾವಲಂಬಿ ಆಗಲು ಏನೇನು ತೊಡಕುಗಳಿವೆ? 15 ಅಂಕ. ಇವನು ಶುರು ಮಾಡಿದ್ದು ಹೇಗೆ ಗೊತ್ತಾ? "ಭಾರತವು ಕೃಷಿ ಪ್ರಧಾನ ದೇಶವಾಗಿದೆ." ಈ ಸಾಲನ್ನು ನಾನು ಇದುವರೆಗೆ ಎಷ್ಟು ಸಾವಿರ ಸಲ ಓದಿದ್ದೇನೋ. ದಯವಿಟ್ಟು ಬೇಡ. ಅದು ಮೌಲ್ಯಮಾಪಕರಿಗೆ ಗೊತ್ತಿದೆ. ಆಮೇಲೆ ನೋಟ್ಸಿನಲ್ಲಿದ್ದ ಎರಡು ವ್ಯಾಖ್ಯೆ, ಒಂದು ಯೋಜನೆಯ ಹೆಸರು, "ಹೀಗೆ ಅನೇಕ ತೊಡಕುಗಳಿವೆ" ಅಂತ ಮುಕ್ತಾಯ.

ನಾನು ಹಾಳೆ ಮುಚ್ಚಿಟ್ಟು ಕೇಳಿದೆ. "ನಿಮ್ಮ ಹೊಲದಾಗ ಏನು ಬೆಳೀತೀರಿ?"

"ತೊಗರಿ ಮೇಡಂ. ಆರು ಎಕರೆ ಅದ."

"ಈ ಸಲ ಹೆಂಗ ಬಂತು?"

"ಎಲ್ಲಿ ಬಂತ್ರಿ. ನೆಟೆ ಹತ್ತಿ ಹೋಯ್ತು."

ಅಷ್ಟೇ ನೋಡಿ, ಹುಡುಗ ಬಾಯಿ ಬಿಟ್ಟ. ಮುಂಗಾರು ಮಳೆ ನಂಬಿ ಬಿತ್ತಿದ್ದು, ಮಳೆ ಜಾಸ್ತಿಯಾಗಿ ಹೊಲದಲ್ಲಿ ನೀರು ನಿಂತದ್ದು, ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಎದೆಮಟ್ಟ ಬೆಳೆದ ಗಿಡ ನಿಂತಲ್ಲೇ ಒಣಗಿದ್ದು. ಉಳಿದ ಗಿಡಕ್ಕೆ ಕಾಯಿಕೊರಕ ಹುಳ ಬಿತ್ತಂತೆ. ಔಷಧಿ ಹೊಡೆಯಲು ದುಡ್ಡಿಲ್ಲದೆ ಅವರವ್ವ ಹಳೇ ಸೀರೆಯನ್ನು ಸಾಲಿನ ನಡುವೆ ಹಾಸಿ, ಒಂದೊಂದೇ ಗಿಡ ಹಿಡಿದು ಜಾಡಿಸಿ, ಸೀರೆ ಮೇಲೆ ಉದುರಿದ ಹಸಿರು ಹುಳಗಳನ್ನು ಒಟ್ಟು ಮಾಡಿ ತಂದು ಕೊಲ್ಲುತ್ತಿದ್ದಳಂತೆ. ನಮ್ಮ ಕಡೆಯ ಹಳೇ ಪದ್ಧತಿ ಅದು, ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ. ಜನವರಿಯಲ್ಲಿ ರಾಶಿ ಆಯಿತು. ಬೆಂಬಲ ಬೆಲೆಗೆ ಕೊಡೋಣ ಅಂದರೆ ಖರೀದಿ ಇನ್ನೂ ಶುರುವಾಗಿರಲಿಲ್ಲ, ಸಾಲದವರು ಬಾಗಿಲಿಗೆ ಬಂದು ನಿಂತಿದ್ದರು, ಅಪ್ಪ ಸಿಕ್ಕ ದರಕ್ಕೆ ಅಡತಿ ಅಂಗಡಿಯಲ್ಲಿ ಮಾರಿ ಬಂದ. ಹೊರದೇಶದ ತೊಗರಿ ಬಂದಿದೆ, ಅದಕ್ಕೇ ದರ ಬಿದ್ದಿದೆ ಅಂತ ಅಂಗಡಿಯವರು ಅಂದರಂತೆ. ಇಪ್ಪತ್ತು ನಿಮಿಷ ಮಾತಾಡಿದ. ನಾನು ಮಧ್ಯೆ ಬಾಯಿ ಹಾಕಲಿಲ್ಲ.

"ಇದೆಲ್ಲಾ ಇಲ್ಲಿ ಯಾಕ ಬರೀಲಿಲ್ಲ?" ಅಂತ ಉತ್ತರದ ಹಾಳೆ ತೋರಿಸಿದೆ.

ಅವನು ಹಾಳೆ ನೋಡಿದ, ನನ್ನನ್ನು ನೋಡಿದ. "ಇದನ್ನೂ ಬರೀಬಹುದೇನ್ರಿ ಮೇಡಂ?"

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಬೇಳೆಕಾಳಿನ ತೊಡಕು ಏನು ಅಂತ ದೇಶಕ್ಕೇ ಪಾಠ ಹೇಳುವಷ್ಟು ಗೊತ್ತಿದ್ದ ಹುಡುಗ, ಅದು ಪರೀಕ್ಷೆಗೆ ಬರುವ ವಿಷಯ ಅಂತಲೇ ಅಂದುಕೊಂಡಿರಲಿಲ್ಲ. ಇಬ್ಬರೂ ಕೂತು ಜೋಡಿಸಿದೆವು. ಮಳೆ ನಂಬಿದ ಬೆಳೆ, ನೀರಾವರಿ ಇಲ್ಲ, ಇದು ಮೊದಲನೆಯದು. ನೆಟೆ ರೋಗ, ಕಾಯಿಕೊರಕ, ರೋಗ ತಡೆಯುವ ತಳಿಯ ಬೀಜ ಎಲ್ಲ ರೈತರಿಗೂ ಸಿಗುತ್ತಿಲ್ಲ. ಬೆಲೆ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಿಸುತ್ತದೆ, ಆದರೆ ಖರೀದಿ ತಡವಾದರೆ ಆ ಬೆಲೆ ರೈತನ ಕೈಗೆ ಬರುವುದಿಲ್ಲ. ಆಮದು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಯಿಂದ ತೊಗರಿ ಬರುತ್ತದೆ, ಪಟ್ಟಣದವರಿಗೆ ಬೇಳೆ ಅಗ್ಗವಾಗಲಿ ಅಂತ ತರಿಸಿದ್ದು ಇಲ್ಲಿನ ಹೊಲಕ್ಕೆ ಹೊಡೆತ ಕೊಡುತ್ತದೆ. ಕೊನೆಗೆ ದಾರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆ, ಅಂದರೆ ಇದು ಈ ನೆಲದ್ದೇ ಅನ್ನುವ ಗುರುತು, ಸಿಕ್ಕಿದೆ, ಅದರ ಲಾಭ ರೈತನ ತನಕ ತರುವುದು ಹೇಗೆ. ನೋಡಿ, ಉತ್ತರ ಆಯಿತಲ್ವಾ?

ಆಗಲಿಲ್ಲ. 11 ನಿಮಿಷ ಇಟ್ಟು ಬರಿ ಅಂದೆ. ಒಂದು ಪುಟ ತುಂಬಾ ಅವ್ವನ ಸೀರೆಯ ಬಗ್ಗೆಯೇ ಬರೆದ. ಬೆಲೆಯ ಮಾತಿಗೆ ಬರುವಷ್ಟರಲ್ಲಿ ಸಮಯ ಮುಗಿಯಿತು. ಮತ್ತೆ ಬರೆಸಿದೆ. ಈ ಸಲ ಸೀರೆಯೇ ಇಲ್ಲ, ಬರೀ ಪಟ್ಟಿ. ಮೂರನೇ ಸಲಕ್ಕೆ ಸೀರೆ ಒಂದೇ ಸಾಲಾಗಿ ಬಂತು. "ಕಲಬುರಗಿಯಂಥ ಜಿಲ್ಲೆಗಳಲ್ಲಿ ಸಣ್ಣ ರೈತರು ಇಂದಿಗೂ ಗಿಡ ಜಾಡಿಸಿ ಕೈಯಿಂದ ಕಾಯಿಕೊರಕ ಉದುರಿಸುತ್ತಾರೆ, ಸಂಶೋಧನೆ ಈ ಹೊಲದ ತಿಳಿವಳಿಕೆಯ ಜೊತೆ ಸೇರಬೇಕಿದೆ." ಈ ಸಾಲು ಯಾವ ನೋಟ್ಸಿನಲ್ಲೂ ಇಲ್ಲ. ನೂರಾರು ಹಾಳೆ ತಿದ್ದಿ ದಣಿದ ಕಣ್ಣು ಇಂಥ ಸಾಲಿನ ಹತ್ತಿರ ಬಂದಾಗ ಒಂದು ಗಳಿಗೆ ನಿಲ್ಲುತ್ತದೆ. ನಾನೂ ತಿದ್ದುವವಳು, ಅದಕ್ಕೇ ಹೇಳುತ್ತಿದ್ದೇನೆ.

ಇದು ಓದಿದ್ದರಿಂದ ಬಂದದ್ದಲ್ಲ. ಒಂದೇ ಪ್ರಶ್ನೆಗೆ ಮೂರು ಸಲ ಬರೆದದ್ದರಿಂದ ಬಂತು. ನಾಲ್ಕು ತಿಂಗಳು ದಿನಾ ಎರಡು ಉತ್ತರ, ಭಾನುವಾರಕ್ಕೊಂದು ಪೂರ್ತಿ ಪತ್ರಿಕೆ. ಎರಡನೇ ತಿಂಗಳಿಗೆ 17 ಪ್ರಶ್ನೆ ಮುಟ್ಟಿದ, ಮೂರನೇ ತಿಂಗಳಿಗೆ 20. ಈಗ ನಮ್ಮ ವಿಭಾಗದಲ್ಲೇ ಒಂದು ತಾಲ್ಲೂಕಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದಾನೆ.

ನನಗೆ ಕೊಟ್ಟ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಹುಡುಗನಿಗೇ ಹೋಯಿತು. ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ.

ಭಾಷಾ ಪತ್ರಿಕೆಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಯುಪಿಎಸ್‌ಸಿಯಲ್ಲಿ ಕನ್ನಡ 300, ಇಂಗ್ಲಿಷ್ 300, ಎರಡರಲ್ಲೂ ಕನಿಷ್ಠ 25 ಶೇಕಡಾ ಬರಲೇಬೇಕು. ಕೆಎಎಸ್‌ನಲ್ಲಿ 150, 150, ಅಲ್ಲಿ 35 ಶೇಕಡಾ. ಈ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಆದರೆ ಇಲ್ಲಿ ಬಿದ್ದರೆ ಉಳಿದ ಪತ್ರಿಕೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮವರಿಗೆ ಇಂಗ್ಲಿಷಿನ ಭಯ, ಅದು ನನಗೆ ಅರ್ಥವಾಗುತ್ತದೆ. ಆದರೆ ಕನ್ನಡದಲ್ಲೂ ಸಂಕ್ಷೇಪ ಲೇಖನ ಬರೆಯಲು ಕೂತಾಗ ಮೂರನೇ ಒಂದು ಭಾಗಕ್ಕೆ ಇಳಿಸುವುದು ಸುಲಭವಿಲ್ಲ. ಅದಕ್ಕೂ ಮದ್ದು ಅದೇ. ವಾರಕ್ಕೊಂದು ಸಂಪಾದಕೀಯ ತೆಗೆದುಕೊಂಡು ಮೂರನೇ ಒಂದಕ್ಕೆ ಇಳಿಸಿ ಬರೆಯಿರಿ.

ಕನ್ನಡದಲ್ಲಿ ಉತ್ತರ ಬರೆಯಬಹುದಾ ಅಂತ ಪ್ರತಿ ವಾರ ಯಾರಾದರೊಬ್ಬರು ಕೇಳುತ್ತಾರೆ. ಬರೆಯಬಹುದು, ಧೈರ್ಯವಾಗಿ ಬರೆಯಿರಿ. ಕೆಎಎಸ್‌ನಲ್ಲಿ ಪ್ರಶ್ನೆಯೂ ಕನ್ನಡದಲ್ಲಿರುತ್ತದೆ. ಯುಪಿಎಸ್‌ಸಿಯಲ್ಲಿ ಸಾಮಾನ್ಯ ಅಧ್ಯಯನದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಅಚ್ಚಾಗಿರುತ್ತವೆ. ಹಾಗಾಗಿ ಇಂಗ್ಲಿಷಿನಲ್ಲಿ ಪ್ರಶ್ನೆ ಓದಿ ಕನ್ನಡದಲ್ಲಿ ಉತ್ತರ ಬರೆಯುವುದನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಿ.

ಪ್ರಶ್ನೆಯ ಕೊನೆಯ ಪದ ನೋಡಿ. ವಿವರಿಸಿ ಅಂದರೆ ವಿವರಿಸಿ. ವಿಮರ್ಶಾತ್ಮಕವಾಗಿ ಪರಿಶೀಲಿಸಿ ಅಂದರೆ ಒಳ್ಳೆಯದು, ಕೆಟ್ಟದು ಎರಡೂ ತೂಗಿ, ನಿಮ್ಮ ತೀರ್ಮಾನ ಹೇಳಿ. ಎರಡಕ್ಕೂ ಒಂದೇ ಉತ್ತರ ಬರೆದರೆ ಅಂಕ ಹೋಗುತ್ತದೆ.

ಪ್ರಬಂಧಕ್ಕೆ 250 ಅಂಕ, ಎರಡು ಪ್ರಬಂಧ. ಹದಿನೈದು ದಿನಕ್ಕೆ ಒಂದಾದರೂ ಪೂರ್ತಿ ಬರೆಯದೆ ಪರೀಕ್ಷೆಗೆ ಹೋಗಬೇಡಿ.

ಇನ್ನು ಮನೆಯವರಿಗೆ ಒಂದು ಮಾತು. ಅವ್ವ, ಅಪ್ಪ, ಅಣ್ಣಂದಿರು ಯಾರಾದರೂ ಕೇಳುತ್ತಿದ್ದರೆ. ಮಗ ಪುಸ್ತಕ ಹಿಡಿದು ಕೂತರೆ ಓದುತ್ತಿದ್ದಾನೆ ಅಂತ ಸಮಾಧಾನ ಆಗುತ್ತದೆ, ಬರೀತಾ ಕೂತರೆ ಏನೋ ಗೀಚುತ್ತಿದ್ದಾನೆ ಅನಿಸುತ್ತದೆ. ಹಾಗಲ್ಲ. ಬರೆಯುವ ಆ ಮೂರು ತಾಸು ಅಂಗಡಿಗೆ ಹೋಗಿ ಬಾ ಅಂತ ಎಬ್ಬಿಸಬೇಡಿ. ಹೆಣ್ಣುಮಕ್ಕಳಿಗಂತೂ ದಯವಿಟ್ಟು ಆ ಮೂರು ತಾಸು ಬಿಟ್ಟುಕೊಡಿ. ಭಾನುವಾರ ಒಂದು ದಿನ ರೊಟ್ಟಿ ಬೇರೆಯವರು ಬಡಿಯಲಿ.

ಪ್ರಿಲಿಮ್ಸ್ ಫಲಿತಾಂಶ ಬರಲಿ, ಆಮೇಲೆ ಬರೆಯಲು ಶುರು ಮಾಡುತ್ತೇನೆ ಅನ್ನುವವರಿಗೆ ನನ್ನ ಹತ್ತಿರ ತಾಳ್ಮೆ ಇಲ್ಲ. ಯುಪಿಎಸ್‌ಸಿಯಲ್ಲಿ ಪ್ರಿಲಿಮ್ಸ್ ಆಗಿ ಮೇನ್ಸ್‌ಗೆ ಸಿಗುವುದೇ ಸುಮಾರು ಮೂರು ತಿಂಗಳು. ಅಷ್ಟರಲ್ಲಿ ಕೈ ಪಳಗುವುದಿಲ್ಲ. ಸಿಲಬಸ್ ಅರ್ಧವೇ ಆಗಿದೆಯೇ? ಆದ ಅರ್ಧದಲ್ಲೇ ಬರೆಯಿರಿ. ತಪ್ಪಾಗಿ ಬರೆಯಿರಿ, ಅರ್ಧ ಬರೆಯಿರಿ, ತಿದ್ದುವವರು ಸಿಗದಿದ್ದರೆ ಕೋಣೆಯ ಗೆಳೆಯನಿಗೆ ಕೊಡಿ, ಅವನದನ್ನು ನೀವು ನೋಡಿ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ನಿಜವಾಗಿಯೂ ತೆಗೆದುಕೊಳ್ಳಿ, ನಾನು ಪ್ರಶ್ನೆ ಕೊಡುತ್ತೇನೆ. ಬರೆದುಕೊಳ್ಳಿ.

"ಸಂವಿಧಾನಕ್ಕೆ 98ನೇ ತಿದ್ದುಪಡಿ ಕಾಯ್ದೆ, 2012ರ ಮೂಲಕ ಸೇರಿದ 371(ಜೆ) ವಿಧಿಯು ಕಲ್ಯಾಣ ಕರ್ನಾಟಕದ ಶಿಕ್ಷಣ ಮತ್ತು ಉದ್ಯೋಗದಲ್ಲಿ ತಂದ ಬದಲಾವಣೆಯನ್ನು ವಿಮರ್ಶಾತ್ಮಕವಾಗಿ ಪರಿಶೀಲಿಸಿ." 10 ಅಂಕ, 150 ಪದ.

ಕೊನೆಯ ಪದ ನೋಡಿದಿರಲ್ವಾ? ನಿಮ್ಮ ಊರಿನ ಒಂದು ಉದಾಹರಣೆ ಇರಲಿ. ಕಲ್ಯಾಣ ಕರ್ನಾಟಕ ಹಿಂದುಳಿದ ಪ್ರದೇಶವಾಗಿದೆ ಅಂತ ಶುರು ಮಾಡಬೇಡಿ. ಇನ್ನು ಏಳು ನಿಮಿಷ ರೇಡಿಯೋ ಬಂದ್ ಮಾಡಿ. ನಮಸ್ಕಾರ.