ಬಿಳಿ ಟೈಲ್ ಮೇಲಿನ ಮೂರು ಹನಿ

ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ಒಳ್ಳೇದಾಯ್ತು. ರಕ್ತದ ಗುಂಪಿಗೂ ಕಾಯಿಲೆಗೂ ಇರೋ ನಂಟಿನ ಬಗ್ಗೆ ಇವತ್ತಿನ ಮಾತು. ಅದರಲ್ಲಿ ಅರ್ಧ ನಿಮ್ಮ ಮುಖ ನೋಡಿಕೊಂಡೇ ಹೇಳಬೇಕಾದದ್ದು.

2025ರ ಮೇ, ಜೂನ್ ತಿಂಗಳು ಇಲ್ಲಿ ಯಾರಿಗೂ ಮರೆತಿರಲಿಕ್ಕಿಲ್ಲ. ಬೆಳಗಾದರೆ ಟಿವಿಯಲ್ಲಿ ಹಾಸನ, ಹಾಸನದಲ್ಲಿ ಹೃದಯಾಘಾತ. ಆ ದಿನಗಳಲ್ಲೇ ನಮ್ಮ ಲ್ಯಾಬಿಗೆ ಆಟೋ ಓಡಿಸುವ ಹುಡುಗನೊಬ್ಬ ಬಂದ. ಮೂವತ್ತರ ಒಳಗಿನ ವಯಸ್ಸು. "ಸಾರ್, ನಂದು ಎಬಿ ಪಾಸಿಟಿವ್. ಎಬಿಯವರಿಗೆ ಹಾರ್ಟ್ ಅಟ್ಯಾಕ್ ಗ್ಯಾರಂಟಿಯಂತೆ, ಹೌದಾ?" ಅಂತ ಮೊಬೈಲ್ ನನ್ನ ಮುಂದೆ ಹಿಡಿದ. ಕೈ ನಡುಗುತ್ತಿತ್ತು. ಅಂಗಿ ಜೇಬಿನಲ್ಲಿ ಸಿಗರೇಟ್ ಪ್ಯಾಕು. ಅವತ್ತು ಅವನನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇವತ್ತು ಇನ್ನಷ್ಟು ಬಿಡಿಸಿ ಹೇಳ್ತೀನಿ.

ರಕ್ತದ ಗುಂಪು ಕಂಡುಹಿಡಿಯೋದನ್ನ ನೀವೆಲ್ಲ ನೋಡಿರ್ತೀರಿ. ಬೆರಳ ತುದಿ ಚುಚ್ಚಿ ಬಿಳಿ ಟೈಲ್ ಮೇಲೆ ಮೂರು ಹನಿ ಇಡ್ತೀವಿ. ಒಂದಕ್ಕೆ ನೀಲಿ ಔಷಧಿ, ಒಂದಕ್ಕೆ ಹಳದಿ, ಇನ್ನೊಂದಕ್ಕೆ ಬಣ್ಣವಿಲ್ಲದ್ದು. ಕಡ್ಡಿಯಲ್ಲಿ ಕಲಸಿ, ಟೈಲನ್ನು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿದರೆ ಎರಡು ನಿಮಿಷದೊಳಗೆ ಹಾಲು ಒಡೆದ ಹಾಗೆ ರಕ್ತ ಕಾಳುಕಾಳಾಗುತ್ತೆ, ಇಲ್ಲಾ ನುಣ್ಣಗೇ ಉಳಿಯುತ್ತೆ. ನೀಲಿಯಲ್ಲಿ ಒಡೆದರೆ ಎ. ಹಳದಿಯಲ್ಲಿ ಒಡೆದರೆ ಬಿ. ಎರಡರಲ್ಲೂ ಒಡೆದರೆ ಎಬಿ, ಎರಡರಲ್ಲೂ ಒಡೆಯದಿದ್ದರೆ ಓ. ಮೂರನೇ ಹನಿ ಪಾಸಿಟಿವ್ವೋ ನೆಗೆಟಿವ್ವೋ ಹೇಳುತ್ತೆ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಈ ಗುಟ್ಟು ಬಿಡಿಸಿದರು. 1930ರಲ್ಲಿ ಅದಕ್ಕೆ ನೊಬೆಲ್ ಬಂತು. ನನ್ನನ್ನು ಕೇಳಿದರೆ, ಅಷ್ಟು ಜೀವ ಉಳಿಸಿದ ಇನ್ನೊಂದು ಸಣ್ಣ ಪರೀಕ್ಷೆ ಇಲ್ಲ.

ಎ, ಬಿ ಅನ್ನೋ ವ್ಯತ್ಯಾಸ ಇರೋದು ಒಂದು ಸಕ್ಕರೆಯ ಕಣದಲ್ಲಿ. ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಗಳ ಸರಪಳಿ ಇರುತ್ತೆ. ಅದರ ತುದಿಗೆ ಬಿ ಗುಂಪಿನವರಲ್ಲಿ ಗ್ಯಾಲಕ್ಟೋಸ್ ಕೂತಿರುತ್ತೆ, ಹಾಲಿನ ಸಕ್ಕರೆಯಲ್ಲಿ ಇರೋದೇ ಅದು. ಎ ಗುಂಪಿನವರಲ್ಲಿ ಅದರ ದಾಯಾದಿ ಅನ್ನಬಹುದಾದ ಬೇರೊಂದು. ಓ ಗುಂಪಿನವರಲ್ಲಿ ಆ ತುದಿ ಖಾಲಿ. ಈ ಸಕ್ಕರೆ ರಕ್ತಕಣದ ಮೇಲೆ ಮಾತ್ರ ಇದ್ದಿದ್ದರೆ ಕಾಯಿಲೆಯ ಮಾತೇ ಬರುತ್ತಿರಲಿಲ್ಲ. ಹೊಟ್ಟೆ, ಕರುಳಿನ ಒಳಪದರದ ಮೇಲೂ ಅದು ಇದೆ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಮೇಲೂ ಇದೆ.

ಸಕಲೇಶಪುರ ಕಡೆಯವರು ಇಂಬಳ ಕಚ್ಚಿಸಿಕೊಂಡವರೇ. ಮಳೆಗಾಲದಲ್ಲಿ ತೋಟದಿಂದ ಬಂದು ಕಾಲು ನೋಡಿಕೊಂಡರೆ ಇಂಬಳ ಯಾವಾಗಲೋ ಉದುರಿ ಹೋಗಿರುತ್ತೆ, ರಕ್ತ ಮಾತ್ರ ಸೋರ್ತಾನೇ ಇರುತ್ತೆ. ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿದೆ. ನಮ್ಮ ಮೈಯಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಗಾಯದ ಬಾಯಿ ಮುಚ್ಚಲು ನೆರವಾಗುವ ಪ್ರೋಟೀನುಗಳಿವೆ. ಅವುಗಳಲ್ಲಿ ಒಂದರ ಹೆಸರು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್. ಓ ಗುಂಪಿನವರಲ್ಲಿ ಇದು ಉಳಿದವರಿಗಿಂತ ಸುಮಾರು ಶೇ. 25ರಷ್ಟು ಕಡಿಮೆ, ಯಾಕೆಂದರೆ ಅವರ ರಕ್ತದಿಂದ ಇದು ಬೇಗ ಖಾಲಿಯಾಗುತ್ತೆ. ಅದರಿಂದಲೇ, ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ಓ ಗುಂಪಿನವರಿಗೆ ಹೋಲಿಸಿದರೆ ಎ, ಬಿ, ಎಬಿಯವರಲ್ಲಿ ಹೆಚ್ಚುಕಡಿಮೆ ಎರಡರಷ್ಟು. ಆಪರೇಷನ್ ಆದ ಮೇಲೆ ಡಾಕ್ಟರು ಎದ್ದು ಓಡಾಡಿ ಅಂದರೆ ಓಡಾಡಿ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ನೀವಿಸಿಕೊಳ್ಳಬೇಡಿ, ಆಸ್ಪತ್ರೆಗೆ ಹೋಗಿ. ಇದು ಎಲ್ಲ ಗುಂಪಿನವರಿಗೂ.

ಈಗ ಹೃದಯದ ವಿಷಯ. 2012ರಲ್ಲಿ ಹಾರ್ವರ್ಡ್‌ನವರು ಅಮೆರಿಕದ ಸುಮಾರು 90 ಸಾವಿರ ಜನರನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಲೆಕ್ಕ ಪ್ರಕಟಿಸಿದರು. ಓ ಗುಂಪಿಗೆ ಹೋಲಿಸಿದರೆ ಹೃದಯದ ರಕ್ತನಾಳದ ಕಾಯಿಲೆಯ ಸಂಭವ ಎ ಗುಂಪಿನಲ್ಲಿ ಶೇ. 5, ಬಿಯಲ್ಲಿ ಶೇ. 11, ಎಬಿಯಲ್ಲಿ ಶೇ. 23 ಹೆಚ್ಚು. ಆ ಹುಡುಗನ ಮೊಬೈಲಿಗೆ ಬಂದಿದ್ದು ಈ 23. ಇದನ್ನು ಓದೋದು ಹೇಗೆ? ಓ ಗುಂಪಿನ ಸಾವಿರ ಜನರಲ್ಲಿ ನಲವತ್ತು ಜನರಿಗೆ ಕಾಯಿಲೆ ಬಂತು ಅಂತ ಇಟ್ಟುಕೊಳ್ಳಿ. ಎಬಿಯ ಸಾವಿರ ಜನರಲ್ಲಿ ನಲವತ್ತೊಂಬತ್ತು ಜನರಿಗೆ ಬರುತ್ತೆ. ಉಳಿದ ಒಂಬೈನೂರ ಐವತ್ತೊಂದು ಜನ ಎಬಿಯವರೇ, ಚೆನ್ನಾಗೇ ಇರ್ತಾರೆ. ಇದರ ಮುಂದೆ ಬೀಡಿ ಸಿಗರೇಟಿನ ಹೊರೆ ಎಷ್ಟೋ ಪಾಲು ದೊಡ್ಡದು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ನಮ್ಮ ಜಿಲ್ಲೆಯ ಸಾವುಗಳನ್ನು ಪರಿಶೀಲಿಸಿ, ಹೃದಯಾಘಾತ ಅಸಹಜವಾಗಿ ಏರಿಲ್ಲ ಅಂತ ವರದಿ ಕೊಟ್ಟಿತು. ಅದು ಬೊಟ್ಟು ಮಾಡಿದ್ದೂ ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನದಂಥವುಗಳ ಕಡೆಗೇ. "ಗುಂಪು ಬದಲಾಯಿಸೋಕೆ ನನ್ನ ಕೈಲೂ ಆಗಲ್ಲ, ನಿನ್ನ ಕೈಲೂ ಆಗಲ್ಲಪ್ಪ. ಜೇಬಲ್ಲಿರೋದನ್ನ ಬಿಡೋಕೆ ಆಗುತ್ತೆ" ಅಂತ ಅವತ್ತು ಆ ಹುಡುಗನಿಗೆ ಅಂದೆ. ಪ್ಯಾಕನ್ನು ನನ್ನ ಮೇಜಿನ ಮೇಲೇ ಇಟ್ಟು ಹೋದ.

ಉಳಿದವನ್ನು ಬೇಗ ಮುಗಿಸ್ತೀನಿ. ಹೊಟ್ಟೆಯ ಕ್ಯಾನ್ಸರ್ ಎ ಗುಂಪಿನಲ್ಲಿ ಕೊಂಚ ಹೆಚ್ಚು ಅಂತ 1953ರಲ್ಲೇ ಲಂಡನ್ನಿನ ಶಸ್ತ್ರವೈದ್ಯ ಇಯಾನ್ ಏರ್ಡ್ ತಂಡ ತೋರಿಸಿತ್ತು. ಕರುಳಿನ ಹುಣ್ಣು ಓ ಗುಂಪಿನವರಲ್ಲಿ ಹೆಚ್ಚು. ನಮ್ಮ ಮಲೆನಾಡನ್ನು ಹಿಂಡಿದ ಚಳಿಜ್ವರದ ಕತೆ ಹಿರಿಯರಿಂದ ಕೇಳಿದ್ದೀರಿ. ಪ್ರಾಣ ತೆಗೆಯುವ ಫಾಲ್ಸಿಪಾರಂ ಮಲೇರಿಯಾ ಓ ಗುಂಪಿನವರಲ್ಲಿ ವಿಕೋಪಕ್ಕೆ ಹೋಗೋದು ಕಡಿಮೆ, ಸೋಂಕು ತಗುಲಿದ ಕೆಂಪು ರಕ್ತಕಣಗಳು ಉಳಿದ ಕಣಗಳಿಗೆ ಅಂಟಿಕೊಂಡು ಸಣ್ಣ ರಕ್ತನಾಳ ಮುಚ್ಚೋದು ಅವರಲ್ಲಿ ಕಡಿಮೆ. ಅದೇ ಓ ಗುಂಪಿನವರಿಗೆ ಕಾಲರಾ ಬಂದರೆ ಜೋರಾಗಿ ಕಾಡುತ್ತೆ. ಗುಂಪು ನೋಡಿ ಊಟ ಮಾಡಿ, ಎ ಗುಂಪಿಗೆ ಸೊಪ್ಪು, ಓ ಗುಂಪಿಗೆ ಮಾಂಸ ಅಂತ ಹೇಳೋದಕ್ಕೆ ಆಧಾರವಿಲ್ಲ. ಮುದ್ದೆ, ಸೊಪ್ಪಿನ ಸಾರು ಎಲ್ಲ ಗುಂಪಿನವರೂ ಉಣ್ಣಬಹುದು.

ಇನ್ನು ಆ ಮೂರನೇ ಹನಿ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಜನ ನೆಗೆಟಿವ್. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದಾಗ, ಹೆರಿಗೆಯಲ್ಲಿ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದರೆ ಅವಳ ಮೈ ಅದರ ವಿರುದ್ಧ ಪ್ರತಿಕಾಯ ಕಟ್ಟಿಕೊಳ್ಳುತ್ತೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗಲ್ಲ. ಎರಡನೆಯದೂ ಪಾಸಿಟಿವ್ ಆದರೆ ಅದರ ರಕ್ತಕಣಗಳು ಹೊಟ್ಟೆಯಲ್ಲಿದ್ದಾಗಲೇ ಒಡೆಯುತ್ತಾ ಹೋಗಬಹುದು. ಇದನ್ನು ತಡೆಯೋಕೆ ಆಂಟಿ-ಡಿ ಇಂಜೆಕ್ಷನ್ ಇದೆ, 1968ರಿಂದ ಬಳಕೆಯಲ್ಲಿದೆ. 28ನೇ ವಾರಕ್ಕೊಂದು, ಪಾಸಿಟಿವ್ ಮಗು ಹುಟ್ಟಿದ 72 ಗಂಟೆಯೊಳಗೆ ಇನ್ನೊಂದು.

ಒಬ್ಬ ಹೆಣ್ಣುಮಗಳಿಗೆ ಮೊದಲ ಸಲ ಮೂರು ತಿಂಗಳಿಗೇ ಗರ್ಭ ಇಳಿದಿತ್ತು. ಎಲ್ಲಿ ತೋರಿಸಿದ್ದಳೋ ಅಲ್ಲಿ ಗುಂಪು ಬರೆದುಕೊಂಡಿದ್ದರು, ಇಂಜೆಕ್ಷನ್ ಕೊಟ್ಟಿರಲಿಲ್ಲ. ಮಗುವೇ ಹುಟ್ಟಲಿಲ್ಲವಲ್ಲ, ಯಾಕೆ ಅಂತ ಬಿಟ್ಟರೋ ಏನೋ. ಎರಡನೇ ಸಲ ಮಗು ಹುಟ್ಟಿದಾಗ ಅದರ ಮೈ ಕಾಮಾಲೆಯಿಂದ ಅರಿಶಿನ ಬಳಿದ ಹಾಗಿತ್ತು. ಮೈಯ ರಕ್ತವನ್ನೆಲ್ಲ ಬದಲಾಯಿಸಬೇಕಾಯಿತು. ಕ್ರಾಸ್‌ಮ್ಯಾಚ್, ಅಂದರೆ ಕೊಡುವ ರಕ್ತ ಹೊಂದುತ್ತೋ ಇಲ್ಲವೋ ಅಂತ ನೋಡುವ ಪರೀಕ್ಷೆ, ಮಾಡಲು ಆ ರಾತ್ರಿ ಟ್ಯೂಬ್ ಹಿಡಿದು ಕೂತವನು ನಾನು. ಮಗು ಉಳೀತು. ಕಿವಿ ಕೇಳಿಸೋದಿಲ್ಲ.

ಅದಕ್ಕೇ ಅಕ್ಕಂದಿರೇ, ತಾಯಿ ಕಾರ್ಡ್ ಕೈಗೆ ಬಂದ ಕೂಡಲೇ ಮೊದಲು ಗುಂಪಿನ ಜಾಗ ನೋಡಿ. ಖಾಲಿ ಇದ್ದರೆ ಬರೆಸಿ. ನೆಗೆಟಿವ್ ಅಂತಿದ್ದರೆ ಗಂಡನ ಗುಂಪೂ ಕೇಳಿ, 28ನೇ ವಾರದ ದಿನಾಂಕವನ್ನು ನಿಮ್ಮ ಡೈರಿಯಲ್ಲಿ ಬರೆದುಕೊಳ್ಳಿ. ಗರ್ಭ ಇಳಿದರೂ 72 ಗಂಟೆಯೊಳಗೆ ಆ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಲೇಬೇಕು. ಮನೆಯವರು ದುಃಖದಲ್ಲಿರ್ತಾರೆ, ಅವರಿಗೆ ನೆನಪಾಗಲ್ಲ, ನೀವೇ ಕೇಳಬೇಕು.

ಹೊರಗೆ ವರಾಂಡದಲ್ಲಿ ನಮ್ಮ ಹುಡುಗರು ಟೈಲ್, ಔಷಧಿ ಜೋಡಿಸಿಕೊಂಡು ಕೂತಿದ್ದಾರೆ. ತಮ್ಮ ಗುಂಪು ಗೊತ್ತಿಲ್ಲದವರು ಊಟಕ್ಕೆ ಮುಂಚೆ ಒಂದೊಂದು ಬೆರಳು ಕೊಟ್ಟು ಬನ್ನಿ.