ಕಾಯೋಟಿಗೆ ವಯಸ್ಸೆಷ್ಟು?

ಕೇಳುಗರಿಗೆ ನಮಸ್ಕಾರ.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೊದಲು ತುಟಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದೆ ಅಂತ ನಿಂತಲ್ಲೇ ಲೆಕ್ಕ ಹೇಳುತ್ತಾರೆ. ಇವತ್ತು ನಾನು ಹೇಳಹೊರಟಿರುವುದೂ ಹಲ್ಲಿನ ವಿಷಯವೇ. ಪ್ರಾಣಿ ಮಾತ್ರ ದೂರದ್ದು, ಉತ್ತರ ಅಮೆರಿಕದ ಕಾಯೋಟಿ. ನಮ್ಮ ನರಿಗಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ಚಿಕ್ಕದು. ನಾಯಿ, ನರಿ, ತೋಳಗಳ ಹಾಗೆ ಬೆಳೆದ ಕಾಯೋಟಿಗೂ 42 ಹಲ್ಲು.

ನವೆಂಬರ್ ತಿಂಗಳು, ಷಿಕಾಗೋ ಹತ್ತಿರದ ಹೆದ್ದಾರಿ. ಕಾರಿಗೆ ಸಿಕ್ಕಿ ಒಂದು ಕಾಯೋಟಿ ಸತ್ತು ಬಿದ್ದಿದೆ ಅಂದುಕೊಳ್ಳಿ. ಅದರ ವಯಸ್ಸೆಷ್ಟು? ಮೈಬಣ್ಣ ನೋಡಿ ಹೇಳಲಾಗದು, ಕಾಯೋಟಿಯ ಕೂದಲು ಮೊದಲೇ ಬೂದು. ಗಾತ್ರವೂ ಮೋಸ ಮಾಡುತ್ತದೆ. ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿಕೊಂಡು ಹುಟ್ಟಿದ ಮರಿ ನವೆಂಬರ್‌ಗೆ ಹೆಚ್ಚುಕಡಿಮೆ ತಾಯಿಯಷ್ಟೇ ಕಾಣುತ್ತದೆ. ಆರೇಳು ತಿಂಗಳಿಗೆ ಹಾಲುಹಲ್ಲೂ ಉದುರಿ ಹೋಗಿರುತ್ತದೆ.

ಆಗ ಹಲ್ಲಿನ ಸವೆತ ನೋಡುತ್ತಾರೆ. ಎಳೆಯ ಕಾಯೋಟಿಯ ಮುಂದಿನ ಬಾಚಿಹಲ್ಲುಗಳ ತುದಿಯಲ್ಲಿ ಪುಟ್ಟ ಪುಟ್ಟ ಕವಲುಗಳಿರುತ್ತವೆ. ವರ್ಷ ಕಳೆದಂತೆ ಅವು ಸವೆದು ಮಟ್ಟವಾಗುತ್ತವೆ, ಕೋರೆಹಲ್ಲು ಮೊಂಡಾಗುತ್ತದೆ. ಆದರೆ ಮೂಳೆ ಕಡಿಯುವ ಪ್ರಾಣಿಯ ಹಲ್ಲು ಬೇಗ ಸವೆಯುತ್ತದೆ. ಬೋನಿನ ಕಬ್ಬಿಣ ಕಚ್ಚಿ ಹಲ್ಲು ಮುರಿದುಕೊಂಡಿದ್ದರಂತೂ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಸವೆತ ಬರೀ ಅಂದಾಜು. ಎಳೆಯದೋ, ನಡುವಯಸ್ಸಿನದೋ, ಮುದಿಯೋ ಅನ್ನುವಷ್ಟು ಹೇಳಬಹುದು, ಅಷ್ಟೇ.

ನಿಜವಾದ ಲೆಕ್ಕ ಇರುವುದು ವಸಡಿನೊಳಗೆ, ಬೇರಿನಲ್ಲಿ. ಕೋರೆಹಲ್ಲನ್ನು ಕಿತ್ತು ಬೇರಿನ ತುದಿ ನೋಡಿದರೆ, ಎಳೆಯದರಲ್ಲಿ ಅದು ತೆರೆದಿರುತ್ತದೆ. ಒಂದು ವರ್ಷ ತುಂಬುವ ಹೊತ್ತಿಗೆ ಮುಚ್ಚಿಕೊಂಡಿರುತ್ತದೆ. ನಮ್ಮ ನವೆಂಬರ್ ಪ್ರಶ್ನೆಗೆ ಇದೊಂದೇ ಸಾಕಾಗಬಹುದು.

ಅದಕ್ಕಿಂತ ದೊಡ್ಡದಾದರೆ? ಬೇರಿನ ಮೇಲೆ ಸಿಮೆಂಟಂ ಅನ್ನುವ ಪದರ ಇರುತ್ತದೆ. ಅದು ಪ್ರಾಣಿ ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಒಳ್ಳೆಯ ದಿನಗಳಲ್ಲಿ ಅಗಲವಾದ ತಿಳಿ ಪಟ್ಟೆ, ಚಳಿಗಾಲದಲ್ಲಿ ತೆಳುವಾದ ಕಪ್ಪು ಗೆರೆ. ಮರದ ಕಾಂಡದ ಉಂಗುರಗಳಿದ್ದ ಹಾಗೆ, ಅಲ್ವಾ? ಹಲ್ಲನ್ನು ಆಮ್ಲದಲ್ಲಿ ಮೆದು ಮಾಡಿ, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಗೆರೆ ಎಣಿಸುತ್ತಾರೆ. ಕಾಯೋಟಿಗಳಲ್ಲಿ ಈ ವಿಧಾನವನ್ನು ಲಿನ್‌ಹಾರ್ಟ್ ಮತ್ತು ನೋಲ್ಟನ್ ಎಂಬ ಇಬ್ಬರು 1967ರಲ್ಲಿ ವಿವರಿಸಿದರು. ಅವರ ಕೆಲಸದ ಒಂದು ಸಣ್ಣ ಸಂಗತಿ ನನಗೆ ತುಂಬ ಇಷ್ಟ. ಮೊದಲ ಚಳಿಗಾಲಕ್ಕೆ ಗೆರೆ ಬೀಳುವುದಿಲ್ಲ. ಮೊದಲ ಗೆರೆ ಕಾಣುವುದು ಎರಡನೆಯ ಚಳಿಗಾಲದಲ್ಲಿ, ಸುಮಾರು 20 ತಿಂಗಳಿಗೆ. ವಸಂತದಲ್ಲಿ ಸತ್ತ ಕಾಯೋಟಿಯ ಹಲ್ಲಿನಲ್ಲಿ ಮೂರು ಗೆರೆ ಇದ್ದರೆ ಅದಕ್ಕೆ ನಾಲ್ಕು ವರ್ಷ. ಈ ಒಂದನ್ನು ಕೂಡಿಸಲು ಮರೆತರೆ ಎಲ್ಲ ವಯಸ್ಸೂ ಒಂದೊಂದು ವರ್ಷ ಕಡಿಮೆಯಾಗುತ್ತದೆ.

ಬದುಕಿರುವ ಪ್ರಾಣಿಯ ಕೋರೆಹಲ್ಲು ಕೀಳಲಾದೀತೇ? ಅದು ಅದರ ಅನ್ನದ ದಾರಿ. ಅದಕ್ಕೇ ಮದ್ದು ಕೊಟ್ಟು ಮಲಗಿಸಿ, ಕೋರೆಯ ಹಿಂದಿನ ಒಂದು ಪುಟ್ಟ ಹಲ್ಲನ್ನು ಮಾತ್ರ ತೆಗೆಯುತ್ತಾರೆ.

ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಅಮೆರಿಕದಲ್ಲಿ ಕುರಿ, ಕರುಗಳನ್ನು ಕಾಪಾಡಲು ಸರ್ಕಾರವೇ ಪ್ರತಿವರ್ಷ ಸಾವಿರಾರು ಕಾಯೋಟಿಗಳನ್ನು ಕೊಲ್ಲಿಸುತ್ತದೆ. ಹಾಗೆ ಕೊಂದ ಕಡೆ ಉಳಿದವುಗಳಲ್ಲಿ ಎಳೆಯವು ಎಷ್ಟು, ಮುದಿಯವು ಎಷ್ಟು? ಒಂದು ವರ್ಷದ ಹೆಣ್ಣುಗಳೂ ಮರಿ ಹಾಕುತ್ತಿವೆಯೇ? ವಯಸ್ಸು ಗೊತ್ತಿಲ್ಲದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಉತ್ತರ ಸಿಗದೆ ಸುಮ್ನೆ ಕೊಲ್ಲುತ್ತಾ ಹೋಗುವುದು ಸರಿಯಲ್ಲ ಅಂತಲೇ ನನ್ನ ಭಾವನೆ.

ಷಿಕಾಗೋ ಸುತ್ತಮುತ್ತ ಸ್ಟ್ಯಾನ್ಲಿ ಗೆರ್ಟ್ ಎಂಬ ವಿಜ್ಞಾನಿ ಮತ್ತು ಅವರ ತಂಡ 2000ದಿಂದ ಕಾಯೋಟಿಗಳನ್ನು ಹಿಂಬಾಲಿಸುತ್ತಿದೆ. ರೇಡಿಯೋ ಪಟ್ಟಿ ಕಟ್ಟುವುದಷ್ಟೇ ಅವರ ಕೆಲಸವಲ್ಲ. ವಸಂತದಲ್ಲಿ ಗೂಡು ಹುಡುಕಿ, ಮರಿಗಳ ಚರ್ಮದಡಿ ಅಕ್ಕಿಕಾಳಿನಷ್ಟು ಚಿಕ್ಕ ಚಿಪ್ ಇಟ್ಟು, ಮತ್ತೆ ಗೂಡಿಗೇ ಬಿಡುತ್ತಾರೆ. ಎಷ್ಟೋ ವರ್ಷ ಕಳೆದು ಆ ಮರಿ ಮತ್ತೆ ಕೈಗೆ ಸಿಕ್ಕರೆ, ಭುಜದ ಮೇಲೆ ಯಂತ್ರ ಆಡಿಸಿದರೆ ಸಾಕು, ಸಂಖ್ಯೆ ಬರುತ್ತದೆ. ಯಾವ ಗೂಡು, ಯಾವ ವಸಂತ, ಎಲ್ಲ ಗೊತ್ತಾಗುತ್ತದೆ. ಹಲ್ಲು ಮುಟ್ಟುವ ಕೆಲಸವೇ ಇಲ್ಲ.

ನಮಸ್ಕಾರ.