ಡಾಲ್ಫಿನ್ ಎಣಿಸಿದ್ದಾಯಿತು, ನೀರು ಬಿಡುವುದು ಯಾವಾಗ?

ನಮಸ್ಕಾರ, ದಾವಣಗೆರೆಯಿಂದ ಮಾತಾಡುತ್ತಿದ್ದೇನೆ. ಇವತ್ತಿನ ವಿಷಯ ಗಂಗೆಯ ಡಾಲ್ಫಿನ್. ಭದ್ರಾ ನಾಲೆಯ ಕೊನೆ ಭಾಗದಲ್ಲಿ ಭತ್ತ ಬೆಳೆಯುವವರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಮೇಲೆ ನೀರು ನಿಲ್ಲಿಸಿದರೆ ಕೆಳಗಿನವರ ಗತಿ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

2025ರ ಮಾರ್ಚ್‌ನಲ್ಲಿ ದೇಶದ ಮೊದಲ ನದಿ ಡಾಲ್ಫಿನ್ ಗಣತಿಯ ವರದಿ ಬಂತು. ಒಟ್ಟು 6,327. ಅದರಲ್ಲಿ ಸಿಂಧೂ ಡಾಲ್ಫಿನ್ ಬರೀ 3, ಅವು ಪಂಜಾಬಿನ ಬಿಯಾಸ್ ನದಿಯಲ್ಲಿ. 2009ರಲ್ಲೇ ಗಂಗೆಯ ಡಾಲ್ಫಿನ್ ರಾಷ್ಟ್ರೀಯ ಜಲಚರ ಆಯಿತು, 2020ರಲ್ಲಿ ಅದನ್ನು ಉಳಿಸಲು ಪ್ರಾಜೆಕ್ಟ್ ಡಾಲ್ಫಿನ್ ಅನ್ನುವ ಕೇಂದ್ರ ಯೋಜನೆ ಬಂತು. ಒಳ್ಳೆಯದೇ. ಆದರೆ ಡಾಲ್ಫಿನ್‌ಗೆ ಎಲ್ಲಕ್ಕಿಂತ ಮೊದಲು ಬೇಕಾದ್ದು ಏಪ್ರಿಲ್, ಮೇ ತಿಂಗಳಲ್ಲಿ ಆಳವಾದ ನೀರು.

ಈ ಪ್ರಾಣಿಗೆ ಕಣ್ಣು ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಶಬ್ದ ಮಾಡಿ, ಅದು ಮರಳಿ ಬರುವುದನ್ನು ಕೇಳಿ ಮೀನು ಹುಡುಕುತ್ತದೆ. ಉಸಿರಾಡಲು ನೀರಿನ ಮೇಲೆ ಬರಲೇಬೇಕು. ಬೇಸಿಗೆಯಲ್ಲಿ ನದಿ ಇಳಿದಾಗ ಅಲ್ಲೊಂದು ಇಲ್ಲೊಂದು ಮಡು ಉಳಿಯುತ್ತದೆ. ಡಾಲ್ಫಿನ್ ಅಲ್ಲಿಗೇ ಬರುತ್ತದೆ. ಮೀನೂ ಅಲ್ಲೇ, ಬಲೆಯೂ ಅಲ್ಲೇ. ಬಲೆಗೆ ಸಿಕ್ಕರೆ ಉಸಿರುಗಟ್ಟಿ ಸಾಯುತ್ತದೆ. ಬ್ಯಾರೇಜ್ ಅಡ್ಡ ಬಂದರೆ ಬೇರೆ ಮಡುವಿಗೆ ಹೋಗಲು ದಾರಿಯಿಲ್ಲ. ಹೆಣ್ಣು ಎರಡು ಮೂರು ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಸತ್ತವುಗಳ ಜಾಗ ತುಂಬಲು ಎಷ್ಟು ಕಾಲ ಬೇಕು, ಯೋಚಿಸಿ.

ಇದರ ಮೇಲೆ ಬಿಸಿ. 2023ರ ಬರದಲ್ಲಿ ಬ್ರೆಜಿಲ್‌ನ ಟೆಫೆ ಸರೋವರದ ನೀರು ಇಳಿದು, ಕಾದು 40 ಡಿಗ್ರಿ ಹತ್ತಿರ ಹೋಯಿತು. ಕೆಲವೇ ವಾರಗಳಲ್ಲಿ 200ರಷ್ಟು ಡಾಲ್ಫಿನ್‌ಗಳು ಸತ್ತವು. ಅದೇ ವರ್ಷ ನಮ್ಮ ಭದ್ರಾ ಡ್ಯಾಂ ತುಂಬಲಿಲ್ಲ. ನಾಲೆಗೆ ನೀರು ಬಿಡಿ ಅಂತ ಇಲ್ಲಿ ರೈತರು ಬೀದಿಗಿಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ನಾನು ಕೇಳುವುದು ಇಷ್ಟೆ: ಬೆಳೆಗೆ ಇಷ್ಟು, ಕುಡಿಯಲು ಇಷ್ಟು ಅಂತ ಹಂಚುವಾಗ ಹೊಳೆಯ ಪಾಲನ್ನು ಮೊದಲೇ ತೆಗೆದಿಡಬೇಕು. ಉಳಿದರೆ ಕೊಡೋಣ ಅಂದರೆ ಬರಗಾಲದಲ್ಲಿ ಉಳಿಯುವುದೇ ಇಲ್ಲ, ಅಲ್ವಾ?

ನದಿಯಲ್ಲಿ ಇಷ್ಟು ನೀರು ಹರಿಯಲೇಬೇಕು ಅಂತ ಗಂಗೆಗೆ 2018ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ಆದರೆ ಅದು ಉತ್ತರ ಪ್ರದೇಶದ ಉನ್ನಾವ್‌ವರೆಗೆ ಮಾತ್ರ. ಬಿಹಾರವೊಂದರಲ್ಲೇ 2,220 ಡಾಲ್ಫಿನ್ ಇವೆ, ಬಿಹಾರ ಇರುವುದು ಅದರ ಕೆಳಗೆ! ಆದೇಶ ಅಲ್ಲಿಗೂ, ಉಪನದಿಗಳಿಗೂ ಹೋಗಬೇಕು.

ಹರಿಹರದ ಹೊಳೆಯಲ್ಲಿ ಡಾಲ್ಫಿನ್ ಇಲ್ಲ. ಆದರೆ ಇದೇ ತುಂಗಭದ್ರೆಯಲ್ಲಿ, ಹೊಸಪೇಟೆ ಹತ್ತಿರದ ಡ್ಯಾಂನ ಕೆಳಗೆ 34 ಕಿಲೋಮೀಟರ್ ಉದ್ದಕ್ಕೆ ನೀರುನಾಯಿಗಳಿಗೆ ಅಂತಲೇ 2015ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅವಕ್ಕೂ ಬೇಸಿಗೆಯಲ್ಲಿ ಹರಿಯುವ ನೀರೇ ಬೇಕು. ನೀರಾವರಿ ಸಲಹಾ ಸಮಿತಿ ಸಭೆ ಸೇರಿದಾಗ ನಾಲೆಗೆ ಎಷ್ಟು ದಿನ ನೀರು ಅಂತ ಕೇಳುತ್ತೇವೆ. ಹೊಳೆಗೆ ಎಷ್ಟು ಅಂತಲೂ ಕೇಳಿ, ಆ ಅಂಕಿಯನ್ನು ನಿರ್ಣಯದಲ್ಲಿ ಬರೆಯಿಸಿ.